ಡೊಂಕಿಲ್ಲದ ನೆಲ

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ಕನ್ನಡಿಗರಿಗೆಲ್ಲ ತಿಳಿದದ್ದೇ. ತನ್ನ ಕುಂದನ್ನು ಮರೆಮಾಚಿ ಕಾಲಡಿಯ ನೆಲದ ಮೇಲೆ ತಪ್ಪು ಹೊರಿಸುವವರನ್ನು ಕುರಿತು ಹುಟ್ಟಿದ ಮಾತಿದು. ನೆಲವೆಂಬುದು ಮಣ್ಣಿನದೋ ಕಲ್ಲಿನದೋ ಆಗಿರುವಾಗ ಈ ಮಾತಿಗೆ ಎದುರಾಡುವಂತಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಜಪಾನಿನಲ್ಲಿ ಬಳಕೆಗೆ ಬಂದ ಒಂದು ಆಟದಲ್ಲಿ ನೆಲವೇ ಕುಣಿಯುವವರ ಹೆಜ್ಜೆಗಳನ್ನು ಗುರುತಿಸುತ್ತದೆ. ಅದು ಕೊಟ್ಟ ಸಾಕ್ಷ್ಯದ ಮೇಲೆ ಯಂತ್ರ ತೀರ್ಪು ನೀಡುತ್ತದೆ. ಅಲ್ಲಿ ನೆಲ ನಿಜವಾಗಿಯೂ ಡೊಂಕಾಗಿರಬಹುದು. ದೋಷವಿರುವುದು ನೆಲದಲ್ಲಿಯೋ ಕಾಲಿನಲ್ಲಿಯೋ ಎಂಬ ಸಂಶಯ ಬಂದಾಗ ಪರೀಕ್ಷಿಸಿ ತಿಳಿಯಬಲ್ಲ ನೆಲವೊಂದನ್ನು ಕೆಲವರು ತಮ್ಮ ಕೈಯಿಂದಲೇ ಕಟ್ಟಿಕೊಂಡರು.

ಆ ಆಟದ ಹೆಸರು ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’. ಜಪಾನಿನ ಕೊನಾಮಿ ಎಂಬ ಸಂಸ್ಥೆ 1998ರಲ್ಲಿ ಇದನ್ನು ಹೊರತಂದಿತು. ನಾಣ್ಯ ಹಾಕಿ ಆಡುವ ಯಂತ್ರಗಳ ಆಟದ ಮನೆಗಳಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಯಂತ್ರದ ಮುಂದೆ ಲೋಹದ ಚೌಕಟ್ಟಿನ ಒಂದು ವೇದಿಕೆ. ಅದರಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ನೆನಪಿಗೆ ತರುವ ಒಂಬತ್ತು ಚೌಕಗಳು. ಆಟಗಾರನು ನಡುವಿನ ಚೌಕದಲ್ಲಿ ನಿಲ್ಲುತ್ತಾನೆ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಇರುವ ನಾಲ್ಕು ಚೌಕಗಳ ಮೇಲೆ ಬಾಣದ ಗುರುತುಗಳಿರುತ್ತವೆ. ಸಂಗೀತ ಆರಂಭವಾದೊಡನೆ ಎದುರಿನ ಪರದೆಯ ಮೇಲೆ ಬಾಣಗಳು ಕೆಳಗಿನಿಂದ ಮೇಲಕ್ಕೆ ಏರಿ ಬರುತ್ತವೆ. ಒಂದು ಬಾಣವು ಪರದೆಯ ಮೇಲ್ತುದಿಯಲ್ಲಿರುವ ತನ್ನ ನಿಶ್ಚಿತ ಸ್ಥಾನವನ್ನು ಮುಟ್ಟುವ ಕ್ಷಣದಲ್ಲಿಯೇ ಕಾಲು ಅದಕ್ಕೆ ಸರಿಯಾದ ಚೌಕವನ್ನು ತುಳಿಯಬೇಕು. ತಾಳ ತಪ್ಪಿದರೆ ಅಂಕ ತಪ್ಪಿತು. ಕೆಲವೊಮ್ಮೆ ಎರಡು ಬಾಣಗಳು ಒಟ್ಟಿಗೆ ಬರುವುದುಂಟು; ಆಗ ನೆಗೆದು ಎರಡು ಚೌಕಗಳ ಮೇಲೆ ಏಕಕಾಲದಲ್ಲಿ ಇಳಿಯಬೇಕು.

ಮರುವರ್ಷವೇ, ಅಂದರೆ 1999ರಲ್ಲಿ, ಮನೆಯಲ್ಲಿ ಆಡುವ ಪ್ಲೇಸ್ಟೇಷನ್ ಯಂತ್ರಕ್ಕೂ ಈ ಆಟ ಬಂದಿತು. ಮನೆಯಲ್ಲಿ ಲೋಹದ ವೇದಿಕೆಯ ಬದಲು ಪ್ಲಾಸ್ಟಿಕ್ಕಿನ ಮೆತ್ತನೆಯ ಹಾಸು. ಮಡಿಸಿ ಇಡಲು ಅದು ಅನುಕೂಲವಾದುದೇ ಹೌದು. ಆದರೆ ರಭಸದಿಂದ ಕುಣಿಯುವಾಗ ಹಾಸು ನೆಲದ ಮೇಲೆ ಜಾರುತ್ತದೆ, ಸುಕ್ಕುಗಟ್ಟುತ್ತದೆ. ಒಳಗಿನ ತೆಳುವಾದ ವಾಹಕ ಪದರವು ತುಳಿತಕ್ಕೆ ಸವೆದು ಕೆಲವು ಹೆಜ್ಜೆಗಳಿಗೆ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಆಟದ ಮನೆಯ ವೇದಿಕೆಯಾದರೋ ಸಾಧಾರಣ ಕುಟುಂಬ ಕೊಳ್ಳುವಂಥದ್ದಲ್ಲ. ಈ ಇಕ್ಕಟ್ಟಿನಲ್ಲಿ ಸಿಕ್ಕಿದ ಅಮೆರಿಕದ ಹಲವು ತರುಣ ತರುಣಿಯರು 2000ದ ನಂತರದ ವರ್ಷಗಳಲ್ಲಿ ಮರದ ಅಡ್ಡೆಗೂ ಕಬ್ಬಿಣದ ಸಾಮಾನಿನ ಅಂಗಡಿಗೂ ಹೋಗಿ ಬೇಕಾದ ವಸ್ತುಗಳನ್ನು ತಂದು ತಮ್ಮ ಹಲಗೆಯನ್ನು ತಾವೇ ಮಾಡಿಕೊಳ್ಳತೊಡಗಿದರು. 2001ರಲ್ಲಿ ಮೊದಲು ಹೊರಬಂದ ‘ಸ್ಟೆಪ್‌ಮೇನಿಯಾ’ ಎಂಬ ಉಚಿತ ಕಂಪ್ಯೂಟರ್ ಕಾರ್ಯಕ್ರಮ ಅವರಿಗೆ ದೊಡ್ಡ ನೆರವಾಯಿತು. ಮನೆಯ ಕಂಪ್ಯೂಟರಿನಲ್ಲಿಯೇ ಇಂಥ ಆಟವನ್ನಾಡಲು ಅದು ಅವಕಾಶ ಮಾಡಿಕೊಟ್ಟಿತು. ಬೇಕಾಗಿದ್ದುದು ನಂಬಿಕೆಗೆ ಅರ್ಹವಾದ ನೆಲವೊಂದೇ.

ಆ ನೆಲದ ತತ್ತ್ವ ಬಹು ಸರಳವಾದುದು. ಕರೆಗಂಟೆಯ ಗುಂಡಿಯನ್ನು ಒತ್ತಿದಾಗ ಎರಡು ಲೋಹದ ತುಂಡುಗಳು ಒಂದನ್ನೊಂದು ಮುಟ್ಟಿ ವಿದ್ಯುನ್ಮಂಡಲ ಪೂರ್ಣವಾಗುತ್ತದೆ; ಬೆರಳು ತೆಗೆದರೆ ಅವು ಬೇರ್ಪಟ್ಟು ಮಂಡಲ ಕಡಿಯುತ್ತದೆ. ಇಲ್ಲಿ ಬೆರಳಿನ ಬದಲು ಕಾಲು, ಗುಂಡಿಯ ಬದಲು ಸುಮಾರು 28 ಸೆಂಟಿಮೀಟರ್ ಅಗಲದ ಚೌಕ. ದಪ್ಪನೆಯ ಪ್ಲೈವುಡ್ ಹಲಗೆಯೊಂದು ಎಲ್ಲಕ್ಕೂ ಆಧಾರ. ಬಾಣವಿಲ್ಲದ ಐದು ಚೌಕಗಳ ಸ್ಥಳದಲ್ಲಿ ಮರದ ತುಂಡುಗಳನ್ನು ಬಿಗಿದರೆ ಉಳಿದ ನಾಲ್ಕು ಸ್ಥಳಗಳು ತಗ್ಗಾದ ಮನೆಗಳಾಗುತ್ತವೆ. ಪ್ರತಿ ಮನೆಯ ತಳದಲ್ಲಿ ಒಂದು ತಗಡು. ಮನೆಯನ್ನು ಮುಚ್ಚುವ ಗಟ್ಟಿ ಪ್ಲಾಸ್ಟಿಕ್ ಹಲಗೆಯ ಒಳಮೈಗೆ ಅಂಟಿಸಿದ ಇನ್ನೊಂದು ತಗಡು. ಇವೆರಡೂ ಸುಮ್ಮನೆ ಮುಟ್ಟದಂತೆ ಅಂಚಿನ ಸುತ್ತ ಫೋಮಿನ ಪಟ್ಟಿ. ಚಳಿನಾಡಿನ ಮನೆಗಳಲ್ಲಿ ಬಾಗಿಲು ಕಿಟಕಿಗಳ ಸಂದಿನಿಂದ ಶೀತಗಾಳಿ ನುಗ್ಗದಿರಲೆಂದು ಅಂಟಿಸುವ ಪಟ್ಟಿಯೇ ಇದು. ಕಾಲಿನ ಭಾರಕ್ಕೆ ಪಟ್ಟಿ ಕುಗ್ಗಿ ತಗಡುಗಳು ಕೂಡುತ್ತವೆ. ಭಾರ ಇಳಿದೊಡನೆ ಪಟ್ಟಿ ಹಿಗ್ಗಿ ಅವುಗಳನ್ನು ಅಗಲಿಸುತ್ತದೆ.

ಇಡೀ ಹಲಗೆಯ ಗುಣಾವಗುಣ ಈ ಅಗ್ಗದ ಪಟ್ಟಿಯನ್ನು ಅವಲಂಬಿಸಿದೆ ಎಂದರೆ ಅತಿಶಯೋಕ್ತಿಯಲ್ಲ. ಪಟ್ಟಿ ದಪ್ಪವಾದರೆ ಹಗುರವಾದ ಹೆಜ್ಜೆ ಲೆಕ್ಕಕ್ಕೆ ಬಾರದು. ಆಟಗಾರನು ನೆಲವನ್ನು ಒದ್ದು ಒದ್ದು ದಣಿಯುತ್ತಾನೆ. ಪಟ್ಟಿ ತೆಳುವಾದರೆ, ಇಲ್ಲವೆ ಹಳೆಯದಾಗಿ ಚಪ್ಪಟೆಯಾದರೆ, ಕಾಲು ತೆಗೆದ ಮೇಲೂ ತಗಡುಗಳು ಅಂಟಿಕೊಂಡೇ ಇರುತ್ತವೆ. ತುಳಿದ ಹೆಜ್ಜೆಯನ್ನು ತುಳಿದಿಲ್ಲವೆನ್ನುವುದು ಒಂದು ಸುಳ್ಳು. ತುಳಿಯದ ಹೆಜ್ಜೆಯನ್ನು ತುಳಿದೆಯೆನ್ನುವುದು ಇನ್ನೊಂದು ಸುಳ್ಳು. ಎರಡನ್ನೂ ಹೇಳದ ನೆಲವೇ ಡೊಂಕಿಲ್ಲದ ನೆಲ. ಸ್ಟೆಪ್‌ಮೇನಿಯಾದ ಸಾಮಾನ್ಯ ಏರ್ಪಾಡಿನಲ್ಲಿ ಅತ್ಯುತ್ತಮ ಹೆಜ್ಜೆಯೆನಿಸಿಕೊಳ್ಳಲು ಸರಿಯಾದ ಕ್ಷಣಕ್ಕಿಂತ ಹಿಂದೆ ಅಥವಾ ಮುಂದೆ ಸುಮಾರು 22 ಮಿಲಿಸೆಕೆಂಡುಗಳೊಳಗೆ ಕಾಲು ಬೀಳಬೇಕು. ಕಣ್ಣು ಮಿಟುಕಿಸಲು ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟು ಕಿರಿದಾದ ಅವಧಿಯಲ್ಲಿ ನೆಲ ತಡವರಿಸಿದರೆ ಅದರ ತಪ್ಪು ಕುಣಿಯುವವರ ತಲೆಗೆ ಬರುತ್ತದೆ.

ಇನ್ನು ಉಪಕರಣಗಳ ಮಾತು. ಹೊಸದಾಗಿ ಕೆಲಸಕ್ಕೆ ಕೈಹಾಕುವವರು ಅಂಗಡಿಯಲ್ಲಿ ಹೊಳೆಯುವ ಯಂತ್ರಗರಗಸಗಳ ಮುಂದೆ ನಿಂತುಬಿಡುವುದುಂಟು. ಈ ಕೆಲಸಕ್ಕೆ ಬೇಕಾದುದು ನೆಟ್ಟಗಿನ ಕೆಲವು ಕೊಯ್ತಗಳು ಮಾತ್ರ. ಅಮೆರಿಕದ ಅನೇಕ ಮರದಂಗಡಿಗಳಲ್ಲಿ ಅಳತೆ ಹೇಳಿದರೆ ಅವರೇ ಪ್ಲೈವುಡ್ಡನ್ನು ಕೊಯ್ದುಕೊಡುತ್ತಾರೆ; ಆಗ ಗರಗಸವನ್ನೇ ಕೊಳ್ಳಬೇಕಾಗಿಲ್ಲ. ಮನೆಯಲ್ಲಿಯೇ ಕೊಯ್ಯುವುದಾದರೆ ಹದವಾದ ಕೈಗರಗಸ ಸಾಕು. ತೆಳ್ಳನೆಯ ಅಲಗು ಮೇಲೆ ಕೆಳಗೆ ಆಡುವ ಸಣ್ಣ ಯಂತ್ರಗರಗಸವು ಬಳುಕಾದ ಗೆರೆಗಳಿಗೆ ಒಳ್ಳೆಯದು, ಉದ್ದನೆಯ ನೇರ ಗೆರೆಯಲ್ಲಿ ಅದು ಸುಲಭವಾಗಿ ದಾರಿ ಬಿಡುತ್ತದೆ. ಗರಗಸ ಯಾವುದೇ ಇರಲಿ, ಅಳತೆ ಪಟ್ಟಿ ಮತ್ತು ಮೂಲೆಮಟ್ಟ ಇಲ್ಲದೆ ಕೆಲಸ ಆರಂಭಿಸಬಾರದು. ಒಂಬತ್ತು ಚೌಕಗಳು ಪಕ್ಕಪಕ್ಕದಲ್ಲಿ ಕೂರಬೇಕಾದಾಗ ಮೊದಲನೆಯ ಚೌಕದಲ್ಲಿ ಆದ ಎರಡು ಮಿಲಿಮೀಟರ್ ತಪ್ಪು ಮೂರನೆಯದನ್ನು ಮುಟ್ಟುವ ಹೊತ್ತಿಗೆ ಬೆಳೆದಿರುತ್ತದೆ.

ತಗಡನ್ನು ಕತ್ತರಿಸಲು ಮನೆಯ ಕತ್ತರಿ ನಡೆಯದು. ತಗಡು ಕತ್ತರಿಯೇ ಬೇಕು. ಕೈಗೆ ದಪ್ಪ ಚೀಲ ಹಾಕಿಕೊಳ್ಳಬೇಕು. ಕತ್ತರಿಸಿದ ಅಂಚು ಅಲಗಿನಷ್ಟು ಹರಿತವಾಗಿರುವುದರಿಂದ ಅದನ್ನು ಅರದಿಂದ ಉಜ್ಜಿ ನಯಗೊಳಿಸಬೇಕು. ಬರಿಗಾಲಿನಲ್ಲಿ ಕುಣಿಯುವವರ ಹಲಗೆಯಲ್ಲಿ ಇದನ್ನು ಮರೆಯುವಂತಿಲ್ಲ. ತಗಡಿನ ಆಯ್ಕೆಯಲ್ಲಿಯೂ ಒಂದು ಗುಟ್ಟಿದೆ. ಅಲ್ಯೂಮಿನಿಯಂ ಹಗುರ, ಕತ್ತರಿಸಲು ಸುಲಭ. ಆದರೆ ಅದರ ಮೈಮೇಲೆ ಗಾಳಿಯ ಆಮ್ಲಜನಕದಿಂದ ಕೂಡಲೇ ಒಂದು ತೆಳುಪೊರೆ ಬೆಳೆಯುವುದರಿಂದ ಸಾಮಾನ್ಯ ಬೆಸುಗೆ ಅದಕ್ಕೆ ಹತ್ತುವುದಿಲ್ಲ. ಇದನ್ನರಿಯದೆ ಗಂಟೆಗಟ್ಟಲೆ ಬೆಸುಗೆ ಹಾಕಲು ಹೆಣಗಿದವರು ಕೊನೆಗೆ ತಂತಿಯನ್ನು ತಿರುಪುಮೊಳೆಯಿಂದ ಬಿಗಿದು ಸಮಾಧಾನಪಡುತ್ತಾರೆ. ಮೊದಲೇ ಹಾಗೆ ಮಾಡಬಹುದಾಗಿತ್ತು.

ಮುಚ್ಚುವ ಪ್ಲಾಸ್ಟಿಕ್ಕಿನಲ್ಲಿಯೂ ಎರಡು ಬಗೆ. ಅಕ್ರಿಲಿಕ್ ಗಾಜಿನಂತೆ ಹೊಳೆಯುತ್ತದೆ, ಆದರೆ ಗಾಜಿನಂತೆಯೇ ಪೆಡಸು. ಬೈರಿಗೆಯಿಂದ ಅಂಚಿನ ಬಳಿ ರಂಧ್ರ ಕೊರೆಯುವಾಗ ಸೀಳಬಹುದು, ಕುಣಿಯುವಾಗ ಆ ರಂಧ್ರದಿಂದಲೇ ಬಿರುಕು ಹರಿಯಬಹುದು. ಪಾಲಿಕಾರ್ಬೊನೇಟ್ ಬೆಲೆಯಲ್ಲಿ ಹೆಚ್ಚಾದರೂ ಹೊಡೆತಕ್ಕೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಮೈಯ ಭಾರವೆಲ್ಲ ಬೀಳುವ ಜಾಗದಲ್ಲಿ ಇದನ್ನೇ ಆರಿಸುವುದು ಜಾಣತನ. ಯಾವುದನ್ನೇ ಕೊರೆದರೂ ಅಡಿಯಲ್ಲಿ ಮರದ ತುಂಡೊಂದನ್ನಿಟ್ಟು, ಬೈರಿಗೆಯನ್ನು ನಿಧಾನವಾಗಿ ನಡೆಸಬೇಕು. ಕಣ್ಣಿಗೆ ರಕ್ಷಕ ಕನ್ನಡಕವಿರಬೇಕು. ಪಾರದರ್ಶಕ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಬಣ್ಣದ ಬಾಣ ಬರೆದ ಕಾಗದವನ್ನಿಟ್ಟರೆ ಹಲಗೆಗೆ ಆಟದ ಮನೆಯ ಕಳೆ ಬರುತ್ತದೆ. ಕೆಲಸಕ್ಕೆ ಇದೇನೂ ಅಗತ್ಯವಲ್ಲ, ಆದರೂ ಇದನ್ನು ಬಿಟ್ಟವರು ಕಡಿಮೆ.

ಹೆಜ್ಜೆಯ ಸುದ್ದಿಯನ್ನು ಯಂತ್ರಕ್ಕೆ ಮುಟ್ಟಿಸುವ ಕೆಲಸಕ್ಕೆ ಹಳೆಯ ಆಟದ ನಿಯಂತ್ರಕವೊಂದನ್ನು ತಿರುಪುಳಿಯಿಂದ ಬಿಚ್ಚಿ, ಅದರೊಳಗಿನ ಗುಂಡಿಗಳ ಸಂಪರ್ಕಸ್ಥಾನಗಳಿಗೆ ತಂತಿಗಳನ್ನು ಬೆಸೆಯುತ್ತಿದ್ದರು. ಎಲ್ಲ ಚೌಕಗಳಿಗೂ ಸಾಮಾನ್ಯವಾದ ತಂತಿ ಒಂದು, ಒಂದೊಂದು ಬಾಣಕ್ಕೆ ಒಂದೊಂದು, ಹೀಗೆ ಐದು ತಂತಿಗಳು. ಬೆಸುಗೆಕಡ್ಡಿ 25ರಿಂದ 40 ವ್ಯಾಟಿನ ಸಣ್ಣದಾಗಿರಬೇಕು. ದೊಡ್ಡ ಕಡ್ಡಿಯ ಕಾವಿಗೆ ಮಂಡಲದ ಹಲಗೆಯ ತಾಮ್ರದ ಗೆರೆಗಳು ಎದ್ದುಬರುತ್ತವೆ. ರಾಳ ತುಂಬಿದ ಬೆಸುಗೆತಂತಿಯನ್ನು ಬಳಸಬೇಕೇ ಹೊರತು ನೀರಿನ ಕೊಳಾಯಿ ಬೆಸೆಯುವವರ ಆಮ್ಲಯುಕ್ತ ಲೇಪವನ್ನಲ್ಲ; ಅದು ಕಾಲಕ್ರಮದಲ್ಲಿ ತಂತಿಯನ್ನೇ ತಿನ್ನುತ್ತದೆ. ಒಂದೇ ಎಳೆಯ ಗಟ್ಟಿ ತಂತಿ ಬಳುಕಿ ಬಳುಕಿ ಮುರಿಯುವುದರಿಂದ ಹಲವು ಎಳೆಗಳ ತಂತಿ ಮೇಲು. ಬೆಸುಗೆಯಲ್ಲಿ ಸೀಸವಿದ್ದರೆ ಕೆಲಸ ಮುಗಿದೊಡನೆ ಕೈ ತೊಳೆಯಬೇಕು. ಮುಖ್ಯವಾಗಿ, ಗೋಡೆಯಿಂದ ಬರುವ ವಿದ್ಯುತ್ತನ್ನು ಹಲಗೆಗೆ ಎಂದೂ ಜೋಡಿಸಕೂಡದು. ಐದು ವೋಲ್ಟುಗಳಿಗೆ ಮೀರದ ನಿಯಂತ್ರಕದ ವಿದ್ಯುತ್ತೇ ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಇಲ್ಲಿಯೂ ಒಂದು ಡೊಂಕು ಅಡಗಿರುತ್ತದೆ. ನಿಯಂತ್ರಕವನ್ನು ಕಂಪ್ಯೂಟರಿಗೆ ಕೂಡಿಸುವ ಕೆಲವು ಜೋಡಕಗಳು ಎಡ ಬಲಗಳನ್ನು ಎರಡು ಗುಂಡಿಗಳೆಂದು ತಿಳಿಯದೆ ಒಂದೇ ಸನ್ನೆಯ ಎರಡು ತುದಿಗಳೆಂದು ತಿಳಿಯುತ್ತವೆ. ಸನ್ನೆಯೊಂದು ಒಮ್ಮೆಗೇ ಎರಡೂ ಕಡೆ ವಾಲಲಾರದಷ್ಟೆ. ನೆಗೆದು ಎಡ ಬಲ ಬಾಣಗಳನ್ನು ಒಟ್ಟಿಗೆ ತುಳಿದರೆ ಎರಡೂ ಪರಸ್ಪರ ಅಳಿದು ಯಂತ್ರಕ್ಕೆ ಏನೂ ಕಾಣುವುದಿಲ್ಲ. ಹಲಗೆಯೂ ಸರಿ, ಕಾಲೂ ಸರಿ, ನಡುವಿನ ದೂತನು ಮಾತ್ರ ಸುದ್ದಿ ನುಂಗಿರುತ್ತಾನೆ.

ಈಚಿನ ವರ್ಷಗಳಲ್ಲಿ ಹವ್ಯಾಸಿಗಳು ತಗಡುಗಳನ್ನು ಬಿಟ್ಟು ಒತ್ತಡ ಹೆಚ್ಚಿದಂತೆ ವಿದ್ಯುತ್ ರೋಧ ಕಡಿಮೆಯಾಗುವ ತೆಳುವಾದ ಸಂವೇದಕಗಳನ್ನು ಬಳಸುತ್ತಿದ್ದಾರೆ. ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ಆರಂಭವಾದ ‘ಆರ್ಡುಯಿನೊ’ದಂಥ ಚಿಕ್ಕ ಗಣಕಫಲಕವು ಆ ಒತ್ತಡವನ್ನು ಅಂಕಿಯಾಗಿ ಓದುತ್ತದೆ, ಅಂಕಿ ಗೊತ್ತಾದ ಮಿತಿಯನ್ನು ದಾಟಿದಾಗ ಹೆಜ್ಜೆ ಬಿತ್ತೆಂದು ಲೆಕ್ಕ. ಹಗುರ ಮೈಯ ತಂಗಿಗೆ ಒಂದು ಮಿತಿ, ಭಾರದ ಅಣ್ಣನಿಗೆ ಇನ್ನೊಂದು ಮಿತಿಯನ್ನು ಇಟ್ಟುಕೊಳ್ಳಬಹುದು. ಫೋಮಿನ ಪಟ್ಟಿಯನ್ನು ಕಿತ್ತು ಅಂಟಿಸುವ ಕಾಟ ತಪ್ಪಿತು ನಿಜ. ಆದರೆ ಮಿತಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆ ಉಳಿದೇ ಇದೆ.

ಹೊಸ ಹಲಗೆಯಿರಲಿ ಹಳೆಯದಿರಲಿ, ಪೆಟ್ಟಿಗೆಯಲ್ಲಿ ಇರಲೇಬೇಕಾದ ಉಪಕರಣ ಮಲ್ಟಿಮೀಟರ್. ಅದರ ಎರಡು ಮೊನೆಗಳ ನಡುವೆ ವಿದ್ಯುತ್ತಿಗೆ ದಾರಿಯಿದ್ದರೆ ಅದು ಕೂಗುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಅದಕ್ಕೆ ಕುಣಿಯುವವರ ಮುಖದಾಕ್ಷಿಣ್ಯವಿಲ್ಲ. ತನ್ನ ಮೊದಲ ಹಲಗೆಯನ್ನು ಈಗಷ್ಟೇ ಮುಗಿಸಿದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ವೇಗದ ಹಾಡುಗಳಲ್ಲಿ ಅವಳಿಗೆ ಎಡಬಾಣ ಮತ್ತೆ ಮತ್ತೆ ತಪ್ಪುತ್ತದೆ. ವಾರಗಟ್ಟಲೆ ಅಭ್ಯಾಸ ಮಾಡಿದರೂ ಫಲವಿಲ್ಲ. ತನ್ನ ಎಡಗಾಲೇ ಮಂದವೆಂದು ಅವಳು ಹೆಚ್ಚುಕಡಿಮೆ ನಂಬಿದ್ದಾಳೆ, ತಮ್ಮ ನಗುತ್ತಾನೆ. ಒಂದು ಸಂಜೆ ನಿಯಂತ್ರಕದಿಂದ ಹಲಗೆಯನ್ನು ಕಳಚಿ, ಎಡಚೌಕದ ಎರಡು ತಂತಿಗಳಿಗೆ ಮಲ್ಟಿಮೀಟರಿನ ಮೊನೆಗಳನ್ನು ತಾಗಿಸಿ ಹಿಡಿಯಲು ಅವನಿಗೇ ಹೇಳುತ್ತಾಳೆ. ನಡುವೆ ತುಳಿದು ಒಂದು ಕ್ಷಣ ನಿಲ್ಲುತ್ತಾಳೆ, ಮೀಟರು ಕೂಗುತ್ತದೆ. ಹಿಮ್ಮಡಿಯಲ್ಲಿ, ತುದಿಗಾಲಿನಲ್ಲಿ, ಒಳ ಅಂಚಿನಲ್ಲಿ ತುಳಿದರೂ ಕೂಗುತ್ತದೆ. ಹೊರ ಅಂಚಿನ ಮೇಲಿನ ಮೂಲೆಯಲ್ಲಿ ಮಾತ್ರ ಸದ್ದಿಲ್ಲ. ಮುಚ್ಚಳ ಎತ್ತಿ ನೋಡಿದರೆ ಆ ಮೂಲೆಯಲ್ಲಿ ಫೋಮಿನ ಪಟ್ಟಿಯ ಎರಡು ಕೊನೆಗಳು ಒಂದರ ಮೇಲೊಂದು ಬಂದು ಇಮ್ಮಡಿ ದಪ್ಪವಾಗಿವೆ. ಅಂಟಿಸುವಾಗ ಅವಸರ ಮಾಡಿದವಳು ಅವಳೇ.

ಹೆಚ್ಚಾದ ತುಂಡನ್ನು ಕತ್ತರಿಸಿ, ಮುಚ್ಚಳವಿಟ್ಟು, ಮೂಲೆ ಮೂಲೆಯನ್ನೂ ಬಿಡದೆ ನೂರು ಸಲ ತುಳಿಯುತ್ತಾಳೆ. ತಮ್ಮ ಎಣಿಸುತ್ತಾನೆ, ನೂರು ಸಲವೂ ಮೀಟರು ಕೂಗುತ್ತದೆ. ಹಲಗೆಯನ್ನು ಜೋಡಿಸಿ ಅದೇ ಹಾಡನ್ನು ಮತ್ತೆ ಹಾಕುತ್ತಾಳೆ. ತಪ್ಪುಗಳು ಬಹಳ ಕಡಿಮೆಯಾಗಿವೆ, ಆದರೆ ಹಾಡಿನ ಕೊನೆಯ ಭಾಗದಲ್ಲಿ ಎಡಬಾಣ ನಾಲ್ಕು ಸಲ ತಪ್ಪಿಯೇ ಹೋಗುತ್ತದೆ. ತಮ್ಮ ಮೀಟರಿನತ್ತ ಕೈಚಾಚುತ್ತಾನೆ. ಅದು ಬೇಡವೆಂದು ತಲೆಯಾಡಿಸಿ, ಹಾಡಿನ ವೇಗವನ್ನು ತಗ್ಗಿಸಿ, ಅವಳು ನಡುವಿನ ಚೌಕಕ್ಕೆ ಬಂದು ನಿಲ್ಲುತ್ತಾಳೆ.