ಉಳಿಯುವುದು ಹೇಗೆ? ಉಳಿಯುವುದು ಯಾರಾಗಿ?



ಕಳೆದ ಮಳೆಗಾಲದ ಒಂದು ಭಾನುವಾರ, ಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಗುರುನಿವಾಸದ ಬಾಗಿಲಿಗೆ ಬಂದರು. “ಫಾದರ್, ನಮ್ಮ ಹುಡುಗ ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. ಕಂಪ್ಯೂಟರಿನಲ್ಲಿ ಅದೇನೋ ಯುದ್ಧದ ಆಟ ಆಡಿದ್ದಾನೆ. ನೀವೇ ಸ್ವಲ್ಪ ಬುದ್ಧಿ ಹೇಳಿ” ಎಂದರು. ಡಿಗ್ರಿ ಓದುತ್ತಿರುವ ಆ ಹುಡುಗನನ್ನು ಸಂಜೆ ಕರೆಸಿ ವಿಚಾರಿಸಿದೆ. ಅವನು ತಲೆ ತಗ್ಗಿಸಿ, “ಫಾದರ್, ಆಟದಲ್ಲಿ ಒಂದು ಅಜ್ಜ-ಅಜ್ಜಿ ಮನೆಯಿಂದ ಊಟ ಕದ್ದೆ. ಆಮೇಲೆ ಮನಸ್ಸೇ ಸರಿಯಿಲ್ಲ” ಎಂದ. ಬುದ್ಧಿ ಹೇಳಲು ಕುಳಿತ ನಾನು ಪಾಠ ಕೇಳುವವನಾದೆ.

ಆ ಆಟದ ಹೆಸರು ‘ದಿಸ್ ವಾರ್ ಆಫ್ ಮೈನ್’. ಪೋಲೆಂಡಿನ ವಾರ್ಸಾ ನಗರದ ‘11 ಬಿಟ್ ಸ್ಟುಡಿಯೋಸ್’ ಎಂಬ ಸಂಸ್ಥೆ 2014ರಲ್ಲಿ ಹೊರತಂದದ್ದು. ಇದರಲ್ಲಿ ಆಡುವವನು ಸೈನಿಕನಲ್ಲ. ಮುತ್ತಿಗೆಗೆ ಸಿಕ್ಕಿದ ನಗರದ ಪಾಳುಮನೆಯೊಂದರಲ್ಲಿ ಅಡಗಿರುವ ಕೆಲವು ಸಾಮಾನ್ಯ ಜನರನ್ನು ಅವನು ಬದುಕಿಸಬೇಕು. ಹಗಲಿನಲ್ಲಿ ಗುಂಡಿನ ಭಯ, ಹೊರಗೆ ಕಾಲಿಡುವಂತಿಲ್ಲ. ರಾತ್ರಿ ಒಬ್ಬನು ಮಾತ್ರ ಹೋಗಿ, ಚೀಲ ಹಿಡಿಸಿದಷ್ಟು ಆಹಾರ, ಔಷಧಿ, ಸೌದೆ ಹುಡುಕಿ ತರಬೇಕು. ಸತ್ತವನು ಸತ್ತಂತೆಯೇ, ಹಿಂದಿನ ದಿನಕ್ಕೆ ಮರಳಿ ತಪ್ಪು ತಿದ್ದಿಕೊಳ್ಳಲಾಗದು. 2020ರಲ್ಲಿ ಪೋಲೆಂಡ್ ಸರ್ಕಾರ ಇದನ್ನು ದೊಡ್ಡ ತರಗತಿಯ ವಿದ್ಯಾರ್ಥಿಗಳಿಗೆ ಶಿಫಾರಸು ಮಾಡುವ ಓದಿನ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು.

ಇದು ಬರೀ ಕಲ್ಪನೆಯಿಂದ ಹುಟ್ಟಿದ್ದಲ್ಲ. ಬೋಸ್ನಿಯಾದ ಸರಾಯೆವೊ ನಗರ 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿಯವರೆಗೆ ಮುತ್ತಿಗೆಯಲ್ಲಿತ್ತು. ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಜಗದ್ಗುರು ಎರಡನೆಯ ಜಾನ್ ಪಾಲರು 1994ರಲ್ಲಿ ಅಲ್ಲಿಗೆ ಹೋಗಲು ಸಿದ್ಧರಾಗಿದ್ದರೂ ಭದ್ರತೆಯಿಲ್ಲದ ಕಾರಣ ಆಗಲಿಲ್ಲ. 1997ರ ಏಪ್ರಿಲ್‌ನಲ್ಲಿ ಹೋದರು. ಆ ನಗರದ ಜನರ ಅನುಭವವೇ ಈ ಆಟಕ್ಕೆ ಪ್ರೇರಣೆ.

ಇದರಿಂದ ನಾವು ಕಲಿಯಬಹುದಾದ ಮೂರು ಪಾಠಗಳನ್ನು ನೋಡೋಣ.

ಮೊದಲನೆಯದು: ಇರುವುದನ್ನು ಎಣಿಸಿ ಬಾಳುವುದು. ಇಂದೇ ಎಲ್ಲವನ್ನೂ ಉಂಡರೆ ನಾಳೆ ಉಪವಾಸ. ಕುರ್ಚಿ ಒಡೆದು ಒಲೆಗಿಟ್ಟರೆ ಚಳಿ ಕಳೆಯುತ್ತದೆ, ಆದರೆ ಆ ಕುರ್ಚಿ ಮತ್ತೆ ಸಿಗುವುದಿಲ್ಲ. ಮನೆಯ ಯಜಮಾನನ ಕೆಲಸ ಹೋದಾಗ, ಸಾಲ ಏರಿದಾಗ ಮೊದಲು ಬೇಕಾದದ್ದು ಧೈರ್ಯದ ಮಾತಲ್ಲ, ಮನೆಮಂದಿಯೆಲ್ಲ ಕುಳಿತು ಮಾಡುವ ಪ್ರಾಮಾಣಿಕ ಲೆಕ್ಕ. ಕಷ್ಟವನ್ನು ಹೆಂಡತಿ-ಮಕ್ಕಳಿಂದ ಮುಚ್ಚಿಟ್ಟು ಬಡ್ಡಿಗೆ ಹಣ ತಂದವರ ಕಣ್ಣೀರನ್ನು ನಾನು ಕಂಡಿದ್ದೇನೆ.

ಎರಡನೆಯದು: ಒಬ್ಬರಿಂದಲೇ ಆಗದು. ಆಟದಲ್ಲಿ ಬ್ರೂನೋ ಎಂಬವನು ಕಡಿಮೆ ಸೌದೆಯಲ್ಲಿ ಅಡುಗೆ ಮಾಡಬಲ್ಲ. ಪಾವ್ಲೆ ವೇಗವಾಗಿ ಓಡಬಲ್ಲ. ಕಾತ್ಯಾ ಚೌಕಾಸಿಯಲ್ಲಿ ಜಾಣೆ. ಮೂವರೂ ಬೇಕು. ಸರಾಯೆವೊದ ಜನರೂ 1993ರಲ್ಲಿ ವಿಮಾನ ನಿಲ್ದಾಣದ ಅಡಿಯಲ್ಲಿ ಸುಮಾರು 800 ಮೀಟರ್ ಸುರಂಗ ತೋಡಿದರು. ನಗರಕ್ಕೆ ಆಹಾರ, ಔಷಧಿ ಬಂದದ್ದು ಆ ದಾರಿಯಲ್ಲಿ. ಒಬ್ಬನ ಗುದ್ದಲಿಯಿಂದ ಅದು ಆಗುವ ಕೆಲಸವಾಗಿರಲಿಲ್ಲ.

ಮೂರನೆಯದೇ ಮುಖ್ಯ: ಬದುಕಿ ಉಳಿದರೆ ಸಾಲದು. ಆ ಹುಡುಗನ ಮನೆಯಲ್ಲಿ, ಅಂದರೆ ಆಟದ ಮನೆಯಲ್ಲಿ, ಎಲ್ಲರೂ ಹಸಿದಿದ್ದರು. ವೃದ್ಧ ದಂಪತಿಯ ಮನೆಯಲ್ಲಿ ಆಹಾರವಿತ್ತು. ತಡೆಯುವ ಶಕ್ತಿ ಅವರಿಗಿರಲಿಲ್ಲ. ಮುದುಕ ಬೇಡಿಕೊಂಡ, ಅಷ್ಟೆ. ಇವನು ತೆಗೆದುಕೊಂಡು ಬಂದ. ಹೊಟ್ಟೆ ತುಂಬಿತು. ಆದರೆ ಮನೆಯಲ್ಲಿದ್ದವರು ಕುಗ್ಗಿಹೋದರು. ಒಬ್ಬನು ಕೆಲಸ ಮಾಡಲಾರದೆ ನೆಲದ ಮೇಲೆ ಕುಳಿತುಬಿಟ್ಟ.

“ಹಸಿದವನು ಕದ್ದರೆ ಪಾಪವೇ, ಫಾದರ್?” ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. 13ನೇ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ಇದನ್ನು ವಿಚಾರ ಮಾಡಿದ್ದಾರೆ. ಪ್ರಾಣ ಹೋಗುವಂಥ ಕಡುಕಷ್ಟದಲ್ಲಿ, ಬೇರೆ ದಾರಿಯಿಲ್ಲದಾಗ, ಜೀವ ಉಳಿಸಿಕೊಳ್ಳಲು ಇನ್ನೊಬ್ಬರದ್ದನ್ನು ತೆಗೆದುಕೊಂಡರೆ ಅದು ಕಳ್ಳತನವಲ್ಲ ಎನ್ನುತ್ತಾರೆ ಅವರು. ಭೂಮಿಯ ಫಲವನ್ನು ದೇವರು ಕೊಟ್ಟಿರುವುದು ಎಲ್ಲರಿಗಾಗಿ. ಆದರೆ ನೀತಿಶಾಸ್ತ್ರದ ಪಂಡಿತರು ಒಂದು ಎಚ್ಚರಿಕೆಯನ್ನೂ ಸೇರಿಸುತ್ತಾರೆ: ಕೊಡುವವನೂ ಅದೇ ಕಷ್ಟದಲ್ಲಿದ್ದರೆ ಅವನ ತುತ್ತಿನ ಮೇಲೆ ನಮಗೆ ಹಕ್ಕಿಲ್ಲ. ಉಗ್ರಾಣ ತುಂಬಿದವನ ಅಕ್ಕಿ ಬೇರೆ, ಮುದುಕನ ಕೊನೆಯ ಗಂಜಿ ಬೇರೆ. ಈ ವ್ಯತ್ಯಾಸವನ್ನು ಪುಸ್ತಕ ಓದದೆಯೇ ಆ ಹುಡುಗನ ಮನಸ್ಸಾಕ್ಷಿ ಕಂಡುಕೊಂಡಿತ್ತು. ಅವನ ಸಂಕಟ ರೋಗವಲ್ಲ, ಆರೋಗ್ಯದ ಗುರುತು ಎಂದು ತಾಯಿಗೆ ಹೇಳಿ ಕಳುಹಿಸಿದೆ. ಅಂದಿನ ರಾತ್ರಿ ಅವನು ಮನೆಯವರೊಡನೆ ಕುಳಿತು ಉಂಡನಂತೆ.

ಆಟಕ್ಕೆ ಮಿತಿಯೂ ಇದೆ. ಬೇಸರವಾದರೆ ಅದನ್ನು ಮುಚ್ಚಿಡಬಹುದು, ಹೊಸದಾಗಿ ಶುರುಮಾಡಬಹುದು. ಸರಾಯೆವೊದವರಿಗೆ ಆ ಅವಕಾಶ ಇರಲಿಲ್ಲ. ಅಲ್ಲದೆ ಅದರಲ್ಲಿ ಹಿಂಸೆ, ಹತಾಶೆ, ಆತ್ಮಹತ್ಯೆಯೂ ಇರುವುದರಿಂದ ಚಿಕ್ಕ ಮಕ್ಕಳ ಕೈಗೆ ಕೊಡಬಾರದು.

ನಿಜವಾದ ಪರೀಕ್ಷೆ ನಮಗೂ ಬಂದಿತ್ತು. 2020ರ ಲಾಕ್‌ಡೌನಿನಲ್ಲಿ ನಾವು ಧರ್ಮಕೇಂದ್ರದಿಂದ ಮನೆಮನೆಗೆ ಅಕ್ಕಿ ಹಂಚುತ್ತಿದ್ದೆವು. ಮನೆಗೆಲಸ ಮಾಡುವ ಒಬ್ಬ ಅಕ್ಕ, ಕೊಟ್ಟ ಹತ್ತು ಕಿಲೋದಲ್ಲಿ ಅರ್ಧವನ್ನು ಮರಳಿ ತಂದರು. “ಹಿಂದಿನ ಸಾಲಿನ ಮನೆಯವರಿಗೆ ಏನೂ ಸಿಕ್ಕಿಲ್ಲ ಫಾದರ್, ಅವರಿಗೆ ಕೊಡಿ” ಎಂದರು. ಸರೆಪ್ತಾ ಊರಿನ ವಿಧವೆ ಒಂದು ಹಿಡಿ ಹಿಟ್ಟಿನಲ್ಲಿ ಎಲೀಯನಿಗೂ ರೊಟ್ಟಿ ಮಾಡಿಕೊಟ್ಟದ್ದನ್ನು ನಾನು ಎಷ್ಟೋ ಸಲ ಬೋಧಿಸಿದ್ದೆ. ಕಣ್ಣಾರೆ ಕಂಡದ್ದು ಅಂದೇ.

ಕುಟುಂಬದಲ್ಲಿ ಚಿಂತನೆಗೆ:

1. ನಮ್ಮ ಮಕ್ಕಳು ಆಡುವ ಆಟ ಯಾವುದು? ಬೈಯುವ ಮೊದಲು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿದ್ದೇವೆಯೇ?

2. ಮನೆಯ ಹಣದ ಕಷ್ಟವನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆಯೇ?

3. ನಮ್ಮ ಹಿಂದಿನ ಸಾಲಿನ ಮನೆಯಲ್ಲಿ ಇಂದು ಒಲೆ ಹೊತ್ತಿದೆಯೇ?