ಆಘಾತದ ಗಣಕ ವರದಿ: ಸೋತದ್ದು ಬಿಡಿಭಾಗವೋ, ಲೆಕ್ಕವೋ?

ವಾಹನ ಹಾಗೂ ಯಂತ್ರ ತಯಾರಕರಿಗೆ ಬಿಡಿಭಾಗ ಪೂರೈಸುವ ಸಣ್ಣ ಉದ್ದಿಮೆದಾರರ ಕೈಗೆ ನಕ್ಷೆಯೊಡನೆ ಆಘಾತ ಸಿಮ್ಯುಲೇಶನ್ನಿನ ವರದಿಯೂ ಬರುವುದುಂಟು. ಪಿನ್ನು ಬುಷ್ಷನ್ನು ತೂರಿ ಹೊರಬಂದಂತೆ ಚಿತ್ರದಲ್ಲಿ ಕಂಡರೆ ಗ್ರಾಹಕರು ದಪ್ಪ ಹೆಚ್ಚಿಸಲು ಸೂಚಿಸುತ್ತಾರೆ. ಡೈ ತಿದ್ದುವ ವೆಚ್ಚ ಬಹುಮಟ್ಟಿಗೆ ಪೂರೈಕೆದಾರನ ಮೇಲೆಯೇ ಬೀಳುತ್ತದೆ. ಅದಕ್ಕೆ ಒಪ್ಪುವ ಮುನ್ನ, ಸೋತದ್ದು ಲೋಹವೋ ಅಥವಾ ಗಣಕದೊಳಗಿನ ಸಂಪರ್ಕದ ಲೆಕ್ಕವೋ ಎಂಬುದನ್ನು ಕೇಳಿ ತಿಳಿಯುವುದು ಅವಶ್ಯ.

ಎರಡು ಘನವಸ್ತುಗಳು ಒಂದೇ ಸ್ಥಳದಲ್ಲಿ ಇರಲಾರವೆಂಬ ಅರಿವು ಗಣಕಕ್ಕೆ ತಾನಾಗಿ ಇರುವುದಿಲ್ಲ. ಸಂಪರ್ಕದ ನಿಯಮವನ್ನು ವಿಶ್ಲೇಷಕನೇ ಬರೆದುಕೊಡಬೇಕು. ರೂಢಿಯಲ್ಲಿರುವ ಕ್ರಮದಲ್ಲಿ, ಒಂದು ವಸ್ತುವಿನ ಬಿಂದು ಇನ್ನೊಂದರ ಮೇಲ್ಮೈಯನ್ನು ದಾಟಿದೊಡನೆ ನಡುವೆ ಕಾಲ್ಪನಿಕ ಸ್ಪ್ರಿಂಗೊಂದನ್ನು ಇರಿಸಿ, ದಾಟಿದ ಆಳಕ್ಕೆ ತಕ್ಕ ಬಲದಿಂದ ಅದನ್ನು ಹಿಂದಕ್ಕೆ ತಳ್ಳಲಾಗುತ್ತದೆ. ತೊಡಕುಗಳಲ್ಲಿ ಹೆಚ್ಚಿನವು ಈ ಸ್ಪ್ರಿಂಗಿನಲ್ಲಿಯೇ ಇವೆ.

“ವೇಗ ಹೆಚ್ಚಿತ್ತು, ಆದುದರಿಂದ ತೂರಿತು” ಎಂಬ ಸಮಜಾಯಿಷಿಯನ್ನು ಸುಲಭವಾಗಿ ಒಪ್ಪಬೇಕಾಗಿಲ್ಲ. 1 ಮೀಟರ್ ಎತ್ತರದಿಂದ ಬಿದ್ದ ವಸ್ತುವಿನ ವೇಗ ಸೆಕೆಂಡಿಗೆ 4.43 ಮೀಟರ್. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5000 ಮೀಟರ್ ಆದುದರಿಂದ, 5 ಮಿ.ಮೀ. ಮೆಶ್‌ಗೆ ಲೆಕ್ಕದ ಒಂದು ಹೆಜ್ಜೆ ಸುಮಾರು ಒಂದು ಮೈಕ್ರೋಸೆಕೆಂಡ್. ಅಷ್ಟರಲ್ಲಿ ವಸ್ತು ಚಲಿಸುವುದು 0.0044 ಮಿ.ಮೀ. ಮಾತ್ರ. ಗಣಕದ ಕಣ್ತಪ್ಪಿಸಿ ಹಾರಲು ಇದು ಸಾಲದು. ತೂರಿದ್ದರೆ ಸಂಪರ್ಕವನ್ನು ಬರೆದಿಲ್ಲ, ಇಲ್ಲವೇ ಸ್ಪ್ರಿಂಗ್ ಮೃದುವಾಗಿದೆ.

ಇನ್ನೂ ಸಾಮಾನ್ಯವಾದ ದೋಷ, ಹೊಡೆತ ಬೀಳುವ ಮೊದಲೇ ವಸ್ತುಗಳು ಒಂದರೊಳಗೊಂದು ಹೊಕ್ಕಿರುವುದು. 20 ಮಿ.ಮೀ. ವ್ಯಾಸದ ಪಿನ್ನು 20.1 ಮಿ.ಮೀ. ರಂಧ್ರದಲ್ಲಿದೆಯೆನ್ನೋಣ. ನಕ್ಷೆಯಲ್ಲಿ ಸುತ್ತಲೂ 0.05 ಮಿ.ಮೀ. ತೆರಪಿದೆ. ಆದರೆ ಮೆಶ್ ಮಾಡುವಾಗ ವೃತ್ತವು ಬಹುಭುಜವಾಗುತ್ತದೆ. ರಂಧ್ರವನ್ನು 8 ಭುಜಗಳಲ್ಲಿ ಎಳೆದರೆ ಪ್ರತಿ ಭುಜದ ಮಧ್ಯಭಾಗ ಕೇಂದ್ರದಿಂದ 9.28 ಮಿ.ಮೀ.ಗೆ ಬಂದು ನಿಲ್ಲುತ್ತದೆ. ಅದರೆದುರು ಪಿನ್ನಿನ ಮೂಲೆ ಬಿದ್ದಿತೆಂದರೆ 0.7 ಮಿ.ಮೀ.ಗೂ ಹೆಚ್ಚು ಅತಿಕ್ರಮಣ! ಮೊದಲ ಕ್ಷಣದಲ್ಲಿಯೇ ಸ್ಪ್ರಿಂಗ್ ಸಿಡಿದು, ಯಾರೂ ತಟ್ಟದೆಯೇ ಬುಷ್ ಚೂರಾಗಬಹುದು. 36 ಭುಜಗಳಾದರೆ ಆ ಅಂತರ 10.01 ಮಿ.ಮೀ.; ಪಿನ್ನು ಕೂದಲೆಳೆಯಲ್ಲಿ ಪಾರಾಗುತ್ತದೆ. ಉಕ್ಕಿನ ದರ್ಜೆ ಬದಲಿಸಿದರೂ ಈ ದೋಷ ಹೋಗದು. ಕೆಲವು ತಂತ್ರಾಂಶಗಳು ಹೊಕ್ಕ ಬಿಂದುಗಳನ್ನು ಸದ್ದಿಲ್ಲದೆ ಹೊರಸರಿಸುತ್ತವೆ. ಆಗ ಆಕಾರವೇ ಬದಲಾಗುವುದರಿಂದ ಎಚ್ಚರಿಕೆಯ ಸಂದೇಶಗಳ ಕಡತವನ್ನೂ ಕೇಳುವುದು ಒಳಿತು.

ಫೋಮ್ ಅಥವಾ ರಬ್ಬರಿಗೆ ಉಕ್ಕು ತಾಗುವ ಪ್ಯಾಕಿಂಗ್ ಪರೀಕ್ಷೆಗಳಲ್ಲಿ ಸಮಸ್ಯೆ ಬೇರೆ. ಸ್ಪ್ರಿಂಗಿನ ಬಲವನ್ನು ವಸ್ತುವಿನ ಬಿಗಿತನದಿಂದಲೇ ಲೆಕ್ಕಹಾಕುವ ಕ್ರಮದಲ್ಲಿ ಮೃದುವಾದ ಫೋಮ್ ಕಡೆಯ ಅಂಕಿ ಗೆದ್ದರೆ, ಉಕ್ಕು ಬೆಣ್ಣೆಯಲ್ಲಿ ಚಾಕುವಿನಂತೆ ಇಳಿಯುತ್ತದೆ. ಎಲ್‌ಎಸ್-ಡೈನಾ ಮೊದಲಾದವುಗಳಲ್ಲಿ ಇದಕ್ಕೆ ಬೇರೆ ಆಯ್ಕೆಯಿದೆ: ಬಿಂದುಗಳ ದ್ರವ್ಯರಾಶಿ ಹಾಗೂ ಕಾಲಹೆಜ್ಜೆಯಿಂದ ಬಿಗಿತನವನ್ನು ನಿರ್ಧರಿಸುವುದು. ಕೇವಲ ಗುಣಕವನ್ನು ನೂರು ಪಟ್ಟು ಏರಿಸುವವರೂ ಇದ್ದಾರೆ. ಅದರಿಂದ ತೂರುವುದು ನಿಂತು ಸಿಡಿಯುವುದು ಆರಂಭವಾದೀತು.

ಮಾನಗಳನ್ನೂ ಒಮ್ಮೆ ನೋಡಬೇಕು. ಮಿಲಿಮೀಟರ್, ಸೆಕೆಂಡ್, ನ್ಯೂಟನ್ ಬಳಸಿದಲ್ಲಿ ದ್ರವ್ಯರಾಶಿ ಟನ್ನಿನಲ್ಲಿರಬೇಕು. ಕಿಲೋಗ್ರಾಂ ಬರೆದರೆ 20 ಕಿಲೋಗ್ರಾಂ ವಸ್ತು 20 ಟನ್ನಿನಂತೆ ಬಡಿಯುತ್ತದೆ.

ಇವೆಲ್ಲವನ್ನೂ ಪೂರೈಕೆದಾರನೇ ಬಿಡಿಸಬೇಕೆಂದಿಲ್ಲ. ಶಕ್ತಿಯ ನಕ್ಷೆಯೊಂದನ್ನು ಕೇಳಿದರೆ ಸಾಕು. ಸಂಪರ್ಕ ಶಕ್ತಿಯ ಗೆರೆ ಸೊನ್ನೆಗಿಂತ ಗಣನೀಯವಾಗಿ ಕೆಳಗಿಳಿದಿದ್ದರೆ ಹೊಕ್ಕಿರುವ ವಸ್ತುಗಳನ್ನು ಮೊದಲು ಸಂಶಯಿಸಬೇಕು. ಹೊರಗಿನಿಂದ ಕೆಲಸ ಸಲ್ಲದಿದ್ದರೂ ಒಟ್ಟು ಶಕ್ತಿ ನಡುವೆ ಏರಿದ್ದರೆ, ಇಲ್ಲದ ಶಕ್ತಿಯನ್ನು ಲೆಕ್ಕವೇ ಹುಟ್ಟಿಸಿದೆಯೆಂದು ಅರ್ಥ. ಅಂತಹ ವರದಿಯ ಆಧಾರದ ಮೇಲೆ ಡೈಗೆ ಕೈಹಚ್ಚದೆ, ಮೆಶ್ ತಿದ್ದಿ ಮರುಲೆಕ್ಕ ಮಾಡಿಕೊಡುವಂತೆ ಲಿಖಿತವಾಗಿ ಕೋರಬಹುದು.