ಪ್ರಾರ್ಥನೆಯ ಗಂಟೆಯೂ ಮೂಲಭೂತ ಹಕ್ಕುಗಳೂ

ನಮ್ಮ ದೇಶದ ಸಂವಿಧಾನವು 1949ನೆಯ ನವೆಂಬರ್ 26ರಂದು ಅಂಗೀಕೃತವಾಗಿ, 1950ನೆಯ ಜನವರಿ 26ರಂದು ಜಾರಿಗೆ ಬಂದಿತು. ಅದರ ಮೂರನೆಯ ಭಾಗದಲ್ಲಿ ಮೂಲಭೂತ ಹಕ್ಕುಗಳು ಅಡಕವಾಗಿವೆ. ಸಮಾನತೆ, ವಾಕ್‌ಸ್ವಾತಂತ್ರ್ಯ ಮೊದಲಾದವುಗಳ ವಿಷಯವಾಗಿ ಪಾಠಪುಸ್ತಕಗಳಲ್ಲಿ ಸಾಕಷ್ಟು ಹೇಳಿರುವುದರಿಂದ, ಮಿಷನ್ ಶಾಲೆಯ ಬಾಗಿಲಿಗೆ ನೇರವಾಗಿ ಸಂಬಂಧಪಟ್ಟವುಗಳನ್ನು ಮಾತ್ರ ಇಲ್ಲಿ ವಿಚಾರಿಸುವೆವು.

ಮತದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದವರು ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದೆಂದು 30ನೆಯ ವಿಧಿಯು ಹೇಳುತ್ತದೆ. ಇದನ್ನು ನಮ್ಮವರು ಸಂತೋಷದಿಂದ ಎತ್ತಿ ಹೇಳುವರು, ಹೇಳತಕ್ಕದ್ದೇ. ಆದರೆ 28ನೆಯ ವಿಧಿಯ 3ನೆಯ ಖಂಡವನ್ನು ಅಷ್ಟೇ ಸಂತೋಷದಿಂದ ಓದುವವರು ವಿರಳ. ಸರಕಾರದ ಮಾನ್ಯತೆಯನ್ನಾಗಲಿ ಸಹಾಯಧನವನ್ನಾಗಲಿ ಪಡೆದ ಶಾಲೆಯು, ಸ್ವಂತ ಸಮ್ಮತಿಯಿಲ್ಲದೆ, ಅಪ್ರಾಪ್ತವಯಸ್ಕಳಾದರೆ ಪೋಷಕರ ಸಮ್ಮತಿಯಿಲ್ಲದೆ, ಯಾರನ್ನೂ ಮತಬೋಧನೆಗಾಗಲಿ ಆರಾಧನೆಗಾಗಲಿ ಬರಬೇಕೆಂದು ನಿರ್ಬಂಧಿಸಕೂಡದು. ಸಮ್ಮತಿಯೆಂದರೆ ಪ್ರವೇಶಪತ್ರದ ಅಡಿಯಲ್ಲಿ ಅವಸರದಿಂದ ಹಾಕಿಸಿಕೊಂಡ ರುಜುವೋ? ತಂದೆತಾಯಿಗಳು ಓದಿ ತಿಳಿದು ಕೊಟ್ಟದ್ದೇ ಸಮ್ಮತಿಯೆಂದು ನಾವು ಎಣಿಸುತ್ತೇವೆ. ವೇದಪಾಠದ ಹೊತ್ತಿನಲ್ಲಿ ಹೊರಗೆ ಕುಳಿತ ಹುಡುಗಿಯನ್ನು ಓರೆಗಣ್ಣಿನಿಂದ ನೋಡುವುದೂ ಒಂದು ಬಗೆಯ ನಿರ್ಬಂಧವೇ ಸರಿ.

1948ನೆಯ ಡಿಸೆಂಬರಿನಲ್ಲಿ, ಮತವನ್ನು ಪ್ರಸಾರಮಾಡುವ ಹಕ್ಕನ್ನು ಕುರಿತು ಸಂವಿಧಾನ ಸಭೆಯಲ್ಲಿ ಬಿರುಸಾದ ಚರ್ಚೆ ನಡೆಯಿತು. ಆಗ ಶ್ರೀ ಟಿ. ಟಿ. ಕೃಷ್ಣಮಾಚಾರಿಯವರು ಎದ್ದು, ತಾವು ಸುಮಾರು 14 ವರ್ಷ ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಓದಿದ್ದರೂ ತಮ್ಮನ್ನು ಮತಾಂತರಗೊಳಿಸುವ ಯತ್ನವೇ ನಡೆಯಲಿಲ್ಲವೆಂದು ಹೇಳಿ ಆ ಹಕ್ಕಿನ ಪರವಾಗಿ ಮಾತಾಡಿದರು. ಹಿಂದಿನ ಉಪಾಧ್ಯಾಯರ ಸೌಜನ್ಯವು ಹೀಗೆ ಸಾಕ್ಷಿಯಾಗಿ ನಿಂತಿತು! ಆ ಹಕ್ಕು 25ನೆಯ ವಿಧಿಯಲ್ಲಿ ಉಳಿದುಕೊಂಡಿತು.

ಹಕ್ಕು ಭಂಗವಾದರೆ ಗತಿಯೇನೆಂದು ಕೇಳುವವರಿಗೆ ಒಂದು ಮೊಕದ್ದಮೆಯನ್ನು ತಿಳಿಸುವೆವು. 1985ರಲ್ಲಿ ಕೇರಳದ ಶಾಲೆಯೊಂದರಿಂದ ಯೆಹೋವನ ಸಾಕ್ಷಿಗಳೆಂಬ ಪಂಗಡದ ಮೂವರು ಮಕ್ಕಳು, ಒಬ್ಬ ಹುಡುಗನೂ ಇಬ್ಬರು ಹುಡುಗಿಯರೂ, ಹೊರಹಾಕಲ್ಪಟ್ಟರು. ರಾಷ್ಟ್ರಗೀತೆಯ ವೇಳೆಯಲ್ಲಿ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಆದರೆ ತಮ್ಮ ನಂಬಿಕೆಯ ನಿಮಿತ್ತ ಹಾಡುತ್ತಿರಲಿಲ್ಲ. ಅಷ್ಟೇ ಅಪರಾಧ. ಅವರಲ್ಲಿ ಕಿರಿಯಳು ಐದನೆಯ ತರಗತಿಯವಳು. ಉಚ್ಚ ನ್ಯಾಯಾಲಯವು ಅವರ ಅರ್ಜಿಯನ್ನು ತಳ್ಳಿಹಾಕಿತು. 1986ನೆಯ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರು ತೀರ್ಪು ಬರೆದು, ಹಾಡಲೇಬೇಕೆಂದು ಕಡ್ಡಾಯಪಡಿಸುವ ಕಾನೂನು ಯಾವುದೂ ಇಲ್ಲವೆಂದೂ, ಮಕ್ಕಳ ವಾಕ್‌ಸ್ವಾತಂತ್ರ್ಯಕ್ಕೂ ಮನಸ್ಸಾಕ್ಷಿಗೂ ಭಂಗವಾಗಿದೆಯೆಂದೂ ತಿಳಿಸಿದರು. ಮೂವರನ್ನೂ ಮರಳಿ ಶಾಲೆಗೆ ಸೇರಿಸಿಕೊಂಡು, ಅಡ್ಡಿಯಿಲ್ಲದೆ ಓದಗೊಡಬೇಕೆಂದು ಅಪ್ಪಣೆಯಾಯಿತು.